ಕಾಲೇಜಿನಲ್ಲಿ ಇಂಗ್ಲಿಷಿನ ಓನಾಮ

ಹೊರನಾಡಿನಲ್ಲಿ ಬಿಡಾರ ಹೂಡಿದ ನಮ್ಮ ಕನ್ನಡ ಮನೆಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಕಾಲ ಬಂದಿತೆಂದರೆ ಒಂದು ಚರ್ಚೆ ತಪ್ಪದೆ ಏಳುತ್ತದೆ. ಎಳವೆಯಿಂದಲೇ, ಅದೂ ಎಲ್ಲ ವಿಷಯಗಳಿಗೂ ಮಾಧ್ಯಮವಾಗಿ, ಇಂಗ್ಲಿಷನ್ನು ಕೊಡದಿದ್ದರೆ ಅದು ಮುಂದೆ ಕೈಗೆ ಹತ್ತುವುದಿಲ್ಲವೆಂದು ಮನೆಯಲ್ಲಿ ಒಬ್ಬರು ಹೇಳುತ್ತಾರೆ. ಮಗು ಅಜ್ಜಿಯೊಡನೆ ಆಡುವ ಮಾತನ್ನೇ ಮರೆತರೆ ಗತಿಯೇನೆಂದು ಮತ್ತೊಬ್ಬರು ಕೇಳುತ್ತಾರೆ. ಎರಡೂ ಮಾತಿನಲ್ಲಿ ಮಗುವಿನ ಹಿತಚಿಂತನೆಯೇ ಇದೆ. ಆದರೆ ಎರಡರ ಹಿಂದೆಯೂ, ಇಂಗ್ಲಿಷ್ ಬೇಕಾದರೆ ಕನ್ನಡವನ್ನು ಬಿಡಬೇಕು, ಕನ್ನಡ ಬೇಕಾದರೆ ಇಂಗ್ಲಿಷನ್ನು ಬಿಡಬೇಕು ಎಂಬ ಒಂದು ಅಂಜಿಕೆ ಅಡಗಿದೆ. ಈ ಅಂಜಿಕೆಗೆ ಆಧಾರವೆಷ್ಟು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಪ್ರಸಕ್ತ ಲೇಖನದ ಉದ್ದೇಶ. ಅದಕ್ಕೆ ಬೇಕಾದ ಇತಿಹಾಸದ ಬಹುಭಾಗ ಹೈದರಾಬಾದಿನಲ್ಲಿಯೇ ನಡೆದಿದೆ; ಅದರಲ್ಲಿ ಕನ್ನಡಿಗರ ಪಾತ್ರವೂ ಸಣ್ಣದಲ್ಲ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಇಂಗ್ಲಿಷಿನ ಮೂಲಕ ಕಲಿಯುವುದು ಬೇರೆ. ಇಂಗ್ಲಿಷನ್ನು ಕಲಿಯುವುದು ಬೇರೆ. 1835ರ ಮೆಕಾಲೆಯ ಟಿಪ್ಪಣಿಯ ತರುವಾಯ, ಅದರಲ್ಲಿಯೂ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ, ಉಚ್ಚ ಶಿಕ್ಷಣದಲ್ಲಿ ಈ ಎರಡೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿತು. ಕಾಲೇಜಿಗೆ ಬರುವವನಿಗೆ ಇಂಗ್ಲಿಷ್ ಬಂದೇ ಇರುತ್ತದೆಂದು ಭಾವಿಸಿ ಅವನ ಕೈಗೆ ಆಂಗ್ಲ ನಾಟಕವನ್ನೋ ಕಾವ್ಯವನ್ನೋ ಕೊಟ್ಟರು. ಸಾಹಿತ್ಯವನ್ನು ಕಲಿಸಿದರೆ ಭಾಷೆ ತಾನಾಗಿ ಹಿಂಬಾಲಿಸುತ್ತದೆಂದು ನಂಬಿದರು. ಭಾಷೆಯನ್ನೇ ಒಂದು ಪರಭಾಷೆಯೆಂದು ಎಣಿಸಿ, ಮೊದಲ ಮೆಟ್ಟಿಲಿನಿಂದ ಕ್ರಮವಾಗಿ ಕಲಿಸುವ ವಿದ್ಯೆಯೊಂದು ಇರಬಹುದೆಂಬ ವಿಚಾರ ಬಹುಕಾಲ ಯಾರಿಗೂ ಹೊಳೆಯಲಿಲ್ಲ.

ಆ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಇಂಗ್ಲೆಂಡಿನ ಹೊರಗೆ. 1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ವಿದ್ವಾಂಸರು ಜಪಾನಿಗೆ ಹೋಗಿ, ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಎ. ಎಸ್. ಹಾರ್ನ್‌ಬಿ ಎಂಬ ತರುಣ ಅದೇ ದೇಶದ ಒಂದು ಕಾಲೇಜಿಗೆ ಸಾಹಿತ್ಯ ಬೋಧಿಸಲೆಂದು ಹೋದರು. ಅಲ್ಲಿನ ವಿದ್ಯಾರ್ಥಿಗಳಿಗೆ ಬೇಕಾದದ್ದು ಸಾಹಿತ್ಯಕ್ಕಿಂತ ಮೊದಲು ಭಾಷೆ ಎಂಬುದನ್ನು ಅವರು ಕಂಡುಕೊಂಡರು. ಅವರೂ ಅವರ ಸಂಗಡಿಗರೂ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಪ್ರಕಟಿಸಿದರು. ನಮ್ಮ ಮನೆಗಳ ಕಪಾಟಿನಲ್ಲಿರುವ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟಿನ ಮೂಲಪುರುಷ ಅದೇ. ಆಂಗ್ಲನಿಗೆ ಬೇಡವಾದ, ಪರಭಾಷೆಯವನಿಗೆ ಅತ್ಯವಶ್ಯವಾದ ವಿವರಗಳು, ಎಂದರೆ ಯಾವ ಕ್ರಿಯಾಪದದ ಮುಂದೆ ಯಾವ ಬಗೆಯ ರಚನೆ ಬರುತ್ತದೆ, ಯಾವ ನಾಮಪದಕ್ಕೆ ಬಹುವಚನವಿಲ್ಲ ಎಂಬಂಥವು ಅದರಲ್ಲಿವೆ. ನಮ್ಮ ದೇಶದಲ್ಲಿಯೂ ಇದೇ ಕಾಲಕ್ಕೆ ಢಾಕಾದ ಶಿಕ್ಷಕರ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟರು ಬಂಗಾಳಿ ಮಕ್ಕಳ ಕಷ್ಟವನ್ನು ಅಭ್ಯಸಿಸಿ 1926ರಲ್ಲಿ ದ್ವಿಭಾಷಿಕತೆಯನ್ನು ಕುರಿತು ಗ್ರಂಥವೊಂದನ್ನು ಬರೆದರು. ಹೆಚ್ಚು ಬಳಕೆಯ ಸುಮಾರು 2000 ಶಬ್ದಗಳನ್ನು ಆರಿಸಿದ ಅವರ ಪಟ್ಟಿ 1953ರಲ್ಲಿ ಹೊರಬಂದಿತು. ಕಲಿಯುವವನಿಗೆ ಸಾವಿರಾರು ಶಬ್ದಗಳನ್ನು ಒಮ್ಮೆಲೇ ಸುರಿಯದೆ, ಬೇಕಾದವನ್ನು ಬೇಕಾದ ಕ್ರಮದಲ್ಲಿ ಕೊಡಬೇಕೆಂಬುದು ಈ ಮೂವರ ಪ್ರಯತ್ನದ ತಿರುಳು.

ಜಪಾನಿನಲ್ಲಿಯೂ ಢಾಕಾದಲ್ಲಿಯೂ ಈ ಪ್ರಯೋಗಗಳು ನಡೆಯುವ ಕೆಲವೇ ವರ್ಷಗಳ ಮುಂಚೆ ಹೈದರಾಬಾದಿನಲ್ಲಿ ಒಂದು ದೊಡ್ಡ ಸಾಹಸ ಆರಂಭವಾಗಿತ್ತು. 1917ರಲ್ಲಿ ಅಕ್ಬರ್ ಹೈದರಿಯವರು ದೇಶಭಾಷೆಯೇ ಮಾಧ್ಯಮವಾದ ವಿಶ್ವವಿದ್ಯಾನಿಲಯವೊಂದು ಬೇಕೆಂದು ಮನವಿ ಬರೆದರು. ಅದೇ ವರ್ಷ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಒಪ್ಪಿಗೆಯ ಫರ್ಮಾನನ್ನು ಹೊರಡಿಸಿದರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಉರ್ದು ಮಾಧ್ಯಮ, ಇಂಗ್ಲಿಷ್ ಎಲ್ಲರಿಗೂ ಕಡ್ಡಾಯವಾದ ಒಂದು ಭಾಷೆ. ಪಠ್ಯಗ್ರಂಥಗಳನ್ನು ಸಿದ್ಧಪಡಿಸಲು ಭಾಷಾಂತರ ಶಾಖೆಯೊಂದನ್ನು ತೆರೆದು, ಮೌಲ್ವಿ ಅಬ್ದುಲ್ ಹಕ್ ಅವರಂಥ ವಿದ್ವಾಂಸರಿಗೆ ಅದನ್ನು ಒಪ್ಪಿಸಿದರು. ಚರಿತ್ರೆ, ತರ್ಕ, ವಿಜ್ಞಾನಗಳಷ್ಟೇ ಅಲ್ಲದೆ ವೈದ್ಯಶಾಸ್ತ್ರವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲಿಯೇ ಕಲಿಸಿದರು. ಇಂಗ್ಲಿಷನ್ನು ಸಿಂಹಾಸನದಿಂದ ಇಳಿಸಿದರು. ಆದರೆ ಮನೆಯಿಂದ ಹೊರಗೆ ಹಾಕಲಿಲ್ಲ. ಉಚ್ಚ ಜ್ಞಾನಕ್ಕೆ ದೇಶಭಾಷೆ, ಹೊರಜಗತ್ತಿನ ಬಾಗಿಲಿಗೆ ಇಂಗ್ಲಿಷ್ ಎಂಬ ಏರ್ಪಾಟು ಸಾಧ್ಯವೆಂದು ಉಸ್ಮಾನಿಯಾ ಮೂರು ದಶಕಗಳ ಕಾಲ ತೋರಿಸಿಕೊಟ್ಟಿತು.

ಇದರಲ್ಲಿ ಕೊರತೆಯೂ ಇದ್ದಿತು; ಅದನ್ನು ಮುಚ್ಚಿಡಲಾಗದು. ನಿಜಾಮರ ಪ್ರಜೆಗಳಲ್ಲಿ ಬಹುಜನರ ಮನೆಮಾತು ಉರ್ದುವಲ್ಲ. ತೆಲುಗು, ಮರಾಠಿ, ಕನ್ನಡ. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಹುಡುಗನಿಗೆ ದೇಶಭಾಷೆಯೆಂದು ಕೊಟ್ಟ ಉರ್ದುವೂ ಕಲಿತೇ ಬರಬೇಕಾದ ಭಾಷೆ. ಅವನು ಮನೆಯಲ್ಲಿ ಕನ್ನಡವಾಡಿ, ತರಗತಿಯಲ್ಲಿ ಉರ್ದುವನ್ನು ಕೇಳಿ, ಇಂಗ್ಲಿಷಿನ ಪರೀಕ್ಷೆಗೆ ಕುಳಿತು, ಹೈದರಾಬಾದಿನ ಬೀದಿಯಲ್ಲಿ ತೆಲುಗನ್ನೂ ಕಲಿತುಕೊಳ್ಳಬೇಕಾಗಿತ್ತು. ಇಷ್ಟು ಭಾಷೆಗಳ ನಡುವೆಯೂ ಆ ಭಾಗದ ಹಿರಿಯರು ಕನ್ನಡವನ್ನು ಉಳಿಸಿಕೊಂಡರು. ಡಿ. ಕೆ. ಭೀಮಸೇನರಾಯರಂಥವರು ಉಸ್ಮಾನಿಯಾದಲ್ಲಿಯೇ ಕನ್ನಡದ ಅಧ್ಯಾಪಕರಾಗಿದ್ದರು. ಒಂದಕ್ಕಿಂತ ಹೆಚ್ಚು ಭಾಷೆಯ ಹೊರೆಯಿಂದ ತಲೆ ಒಡೆಯುವುದಿಲ್ಲ, ಬೇರು ಮಾತ್ರ ಗಟ್ಟಿಯಾಗಿರಬೇಕು ಎಂಬುದಕ್ಕೆ ಆ ತಲೆಮಾರೇ ಸಾಕ್ಷಿ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ತರುವಾಯ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಮಾಧ್ಯಮವಾಗಿ ಬಂದಿತು. ಅದುವರೆಗೆ ಇಂಗ್ಲಿಷನ್ನು ಒಂದು ವಿಷಯವಾಗಿ ಓದಿದ ಹುಡುಗರು ಅದರಲ್ಲಿಯೇ ಎಲ್ಲ ವಿಷಯಗಳನ್ನೂ ಓದಬೇಕಾಯಿತು. ಇನ್ನೊಂದು ಕಡೆ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಸ್ವಾತಂತ್ರ್ಯಾನಂತರ ಕೆಳಗಿನ ತರಗತಿಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯ ಇಯತ್ತೆಯಿಂದ ಆರಂಭಿಸಿದರು. ಮಾತೃಭಾಷೆಯಲ್ಲಿ ಮಗುವಿನ ಬುದ್ಧಿ ಅರಳಲೆಂಬ ಉದ್ದೇಶ ಒಳ್ಳೆಯದೇ. ಆದರೆ ಕೆಳಗಿನ ಮೆಟ್ಟಿಲನ್ನು ತೆಗೆದವರು ಮೇಲಿನ ಮೆಟ್ಟಿಲನ್ನು ತಗ್ಗಿಸಲಿಲ್ಲ. ಮೂರು ನಾಲ್ಕು ವರ್ಷ ಇಂಗ್ಲಿಷ್ ಕಲಿತು ಬಂದ ಹುಡುಗನ ಮುಂದೆ ಹಲವು ಕಾಲೇಜುಗಳು ಹಳೆಯ ಸಾಹಿತ್ಯ ಗ್ರಂಥಗಳನ್ನೇ ಇಟ್ಟವು. ರಜೆಯ ಅರ್ಜಿಯನ್ನು ಸ್ವಂತವಾಗಿ ಬರೆಯಲಾರದವನು ಮಹಾಕವಿಯ ಕಾವ್ಯಗುಣವನ್ನು ಕುರಿತು ಮೂರು ಪುಟ ಬರೆಯಬೇಕಾಯಿತು. ಅವನು ಏನು ಮಾಡಿಯಾನು? ಗೈಡನ್ನು ಕೊಂಡು ಬಾಯಿಪಾಠ ಮಾಡಿದ. ಪಾಸಾದ, ಇಂಗ್ಲಿಷ್ ಮಾತ್ರ ಬರಲಿಲ್ಲ.

ಇಂಥ ವಿದ್ಯಾರ್ಥಿ ದಡ್ಡನಲ್ಲ. ಅವನು ಎಡವುವುದಕ್ಕೆ ಕಾರಣ ಎರಡು ಭಾಷೆಗಳ ಕಟ್ಟಡದಲ್ಲಿಯೇ ಇದೆ. 'ರಾಮನು ಹಾವನ್ನು ಕೊಂದನು' ಎಂದರೂ 'ಹಾವನ್ನು ರಾಮನು ಕೊಂದನು' ಎಂದರೂ ಕನ್ನಡದಲ್ಲಿ ಸತ್ತದ್ದು ಹಾವೇ. ವಿಭಕ್ತಿ ಪ್ರತ್ಯಯ ಅದನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬದಲಾಯಿಸಿದರೆ ಸಾಯುವವನು ರಾಮ! ನಮ್ಮಲ್ಲಿ 'ಮನೆಗೆ', 'ಮನೆಯಲ್ಲಿ' ಎಂದು ಪದದ ಬೆನ್ನಿಗೆ ಅಂಟುವ ಅರ್ಥ ಅಲ್ಲಿ 'ಟು', 'ಇನ್' ಎಂದು ಪದದ ಮುಂದೆ ಬಂದು ನಿಲ್ಲುತ್ತದೆ. 'ಎ', 'ದಿ'ಗಳಿಗೆ ನಮ್ಮಲ್ಲಿ ನೇರವಾದ ಜೋಡಿಯಿಲ್ಲ. 'ಬಂದನು' ಎಂಬುದನ್ನು 'ಬಂದನೇ?' ಎಂದರೆ ನಮಗೆ ಪ್ರಶ್ನೆಯಾಯಿತು; ಅಲ್ಲಿ 'ಡಿಡ್' ಎಂಬುದೊಂದು ಮುಂಚೂಣಿಗೆ ಬಂದು, 'ಕೇಮ್' ಎಂಬುದು 'ಕಮ್' ಎಂದು ಹಿಂದಿನ ರೂಪಕ್ಕೆ ತಿರುಗಬೇಕು. ಇವನ್ನು ವ್ಯಾಕರಣ ಸೂತ್ರವಾಗಿ ಒಪ್ಪಿಸಿದರೆ ಸಾಲದು. ನಾಲಗೆಗೂ ಕಿವಿಗೂ ರೂಢಿಯಾಗಬೇಕು. ರೂಢಿಯಾಗುವುದು ಒಂದೊಂದಾಗಿ, ಕ್ರಮವಾಗಿ, ಮತ್ತೆ ಮತ್ತೆ ಬಳಸಿದಾಗ.

ಈ ಮಾತು ದೆಹಲಿಯವರೆಗೂ ಮುಟ್ಟಿತು. ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು 1955ರಲ್ಲಿ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1957ರಲ್ಲಿ ಬಂದ ಅದರ ವರದಿ, ಮಾಧ್ಯಮದ ಬದಲಾವಣೆಗೆ ಆತುರ ಸಲ್ಲದೆಂದೂ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷನ್ನು ವಿಶೇಷ ಪದ್ಧತಿಗಳಿಂದ ಕಲಿಸಬೇಕೆಂದೂ ಹೇಳಿತು. 1958ರಲ್ಲಿ ಭಾರತ ಸರಕಾರವು ಇಂಗ್ಲಿಷ್ ಬೋಧಕರಿಗೆ ತರಬೇತಿ ಕೊಡಲು ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ಸ್ಥಾಪಿಸಿತು. ಅದಕ್ಕೆ ದೊರೆತ ಸ್ಥಳ ಹೈದರಾಬಾದಿನ ಉಸ್ಮಾನಿಯಾದ ಮಗ್ಗುಲು. ಇಂಗ್ಲಿಷನ್ನು ಮಾಧ್ಯಮವಲ್ಲವೆಂದು ದೂರವಿಟ್ಟಿದ್ದ ವಿಶ್ವವಿದ್ಯಾನಿಲಯದ ಪಕ್ಕದಲ್ಲಿಯೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸುವ ವಿದ್ಯೆಗೆ ಮನೆ ಕಟ್ಟಿದಂತಾಯಿತು.

1959ರಲ್ಲಿ ಆ ಸಂಸ್ಥೆಯ ನಿರ್ದೇಶಕರಾಗಿ ಬಂದವರು ನಮ್ಮ ವಿನಾಯಕ ಕೃಷ್ಣ ಗೋಕಾಕರು. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿಯನ್ನು ಪ್ರಥಮ ವರ್ಗದಲ್ಲಿ ಪಡೆದವರು ಅವರು. 1952ರಿಂದ ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಎಂಟನೆಯ ಇಯತ್ತೆಯಿಂದ ಇಂಗ್ಲಿಷ್ ಕಲಿತ ಹುಡುಗರು ಕಾಲೇಜುಗಳಿಗೆ ಬಂದು ಸೇರತೊಡಗಿದ ಕಾಲವದು. ಕೇಂದ್ರೀಯ ಸಂಸ್ಥೆ ಹುಟ್ಟಿದ 1958ರಲ್ಲಿಯೇ ಅವರು ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರೆಂಬುದನ್ನು ನಾವು ಮರೆಯಬಾರದು. ಕನ್ನಡದ ಕವಿ 'ವಿನಾಯಕ'ರೇ ದೇಶದ ಇಂಗ್ಲಿಷ್ ಬೋಧನೆಯ ಚುಕ್ಕಾಣಿ ಹಿಡಿದು 1966ರವರೆಗೆ ಹೈದರಾಬಾದಿನಲ್ಲಿದ್ದರು.

ಅಂದಿನ ತರಬೇತಿಯಲ್ಲಿ ಪ್ರಚಾರಕ್ಕೆ ಬಂದದ್ದು ವಾಕ್ಯರಚನೆಗಳ ಪದ್ಧತಿ. ಭಾಷೆಯ ಮುಖ್ಯ ರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಸಾಲಾಗಿ ಜೋಡಿಸುತ್ತಾರೆ. ಹೊಸ ರಚನೆಯನ್ನು ಗೊತ್ತಿರುವ ಶಬ್ದಗಳಿಂದ, ಹೊಸ ಶಬ್ದವನ್ನು ಗೊತ್ತಿರುವ ರಚನೆಯಲ್ಲಿ ಕಲಿಸುತ್ತಾರೆ. ಕಿವಿ ಕೇಳಿ ಬಾಯಿ ಆಡಿದ ಮೇಲೆಯೇ ಕಣ್ಣು ಓದಿ ಕೈ ಬರೆಯಬೇಕು. ಧ್ವನಿಶಾಸ್ತ್ರಕ್ಕೂ ಇಲ್ಲಿ ಸ್ಥಾನವುಂಟು. ಸಾಹಿತ್ಯದ ಅಧ್ಯಾಪಕರೇ ಆಗಿದ್ದ ಹಲವರು ಇಲ್ಲಿಗೆ ಬಂದು, ತಾವು ಭಾಷೆಯ ಅಧ್ಯಾಪಕರೂ ಆಗಬೇಕೆಂಬುದನ್ನು ಕಲಿತು ಹೋದರು. ಈ ಪದ್ಧತಿ ಕೆಲವೆಡೆ ಜೀವವಿಲ್ಲದ ಗಿಣಿಪಾಠವಾಯಿತೆಂಬ ಆಕ್ಷೇಪವೂ ನಿಜ. ಅದನ್ನು ತಿದ್ದುವ ಯತ್ನವೂ ದಕ್ಷಿಣದಲ್ಲಿಯೇ ನಡೆಯಿತು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಬೆಂಗಳೂರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು. ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿಯಿಂದ ಲೆಕ್ಕ ಹಾಕುವುದು ಮೊದಲಾದ ಕೆಲಸಗಳಲ್ಲಿ ಬುದ್ಧಿ ತೊಡಗಿದಾಗ ಭಾಷೆ ತಾನಾಗಿ ಕೂಡಿ ಬರುತ್ತದೆಂಬುದು ಅವರ ನಿಲುವು. ಹೈದರಾಬಾದಿನ ಸಂಸ್ಥೆಯೂ 1972ರಲ್ಲಿ ಇತರ ವಿದೇಶೀ ಭಾಷೆಗಳನ್ನು ಸೇರಿಸಿಕೊಂಡು ಹೆಸರನ್ನು ವಿಸ್ತರಿಸಿಕೊಂಡಿತು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು.

ಈಗ ಕಥೆಯ ಉತ್ತರಾರ್ಧ. 1980ರಲ್ಲಿ ಕರ್ನಾಟಕ ಸರಕಾರವು ಶಾಲೆಗಳಲ್ಲಿ ಭಾಷೆಗಳ ಸ್ಥಾನವನ್ನು ನಿರ್ಣಯಿಸಲು ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಇದೇ ಗೋಕಾಕರು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿ 150 ಅಂಕಗಳನ್ನು ಪಡೆಯಬೇಕೆಂದು 1981ರಲ್ಲಿ ಅವರ ವರದಿ ಹೇಳಿತು. 1982ರಲ್ಲಿ ನಾಡನ್ನೇ ಎಬ್ಬಿಸಿದ ಚಳವಳಿ ಅವರ ಹೆಸರನ್ನೇ ಹೊತ್ತಿತು. ಇಂಗ್ಲಿಷಿನ ಬೋಧನೆಗೆ ಏಳು ವರ್ಷ ದುಡಿದವರು ಕನ್ನಡದ ಪಕ್ಷ ಹಿಡಿದದ್ದು ವಿರೋಧಾಭಾಸವೆಂದು ಕೆಲವರಿಗೆ ತೋರಬಹುದು. ವಿಚಾರ ಮಾಡಿದರೆ ವಿರೋಧವೇನೂ ಕಾಣದು. ಪರಭಾಷೆಯನ್ನು ಕ್ರಮವಾಗಿ ಕಲಿಸುವ ದಾರಿ ಇದೆಯೆಂದು ಬಲ್ಲವನಿಗೆ ಅದಕ್ಕಾಗಿ ಮನೆಮಾತನ್ನು ತೆರಬೇಕೆಂಬ ಭಯವಿರುವುದಿಲ್ಲ. ಭಯಪಡುವವನು ಆ ದಾರಿಯನ್ನು ಕಾಣದವನು.

ನಮ್ಮ ಮನೆಗಳ ಚರ್ಚೆಗೆ ಈ ಇತಿಹಾಸ ಕೊಡುವ ಉತ್ತರವೂ ಇದೇ. ತಡವಾಗಿ ಆರಂಭಿಸಿದ್ದು ಅಪರಾಧವಲ್ಲ. ಹದಿನೆಂಟರ ವಯಸ್ಸಿನಲ್ಲಿ ಇಂಗ್ಲಿಷಿನ ಓನಾಮ ಹಾಕಿದವನೂ ತಕ್ಕ ಪಾಠ ಸಿಕ್ಕರೆ ದಡ ಮುಟ್ಟಬಲ್ಲ. ಬೇಗ ಆರಂಭಿಸಿದ್ದು ಸಾಧನೆಯೂ ಅಲ್ಲ. ಕ್ರಮವಿಲ್ಲದ ಹತ್ತು ವರ್ಷ ಬಾಯಿಪಾಠದಲ್ಲಿಯೇ ಕಳೆದುಹೋದೀತು. ಇನ್ನೊಂದು ಮಾತು. ಪೇಟೆಯ ಭಾಷೆಯನ್ನು ಪೇಟೆ ಕಲಿಸುತ್ತದೆ. ಇಂಗ್ಲಿಷನ್ನು ಶಾಲೆ, ಕಾಲೇಜು, ಕಚೇರಿಗಳು ಕಲಿಸುತ್ತವೆ. ಅದಕ್ಕಾಗಿ ದೊಡ್ಡ ಸಂಸ್ಥೆಗಳಿವೆ, ತರಬೇತಾದ ಶಿಕ್ಷಕರಿದ್ದಾರೆ, ಶ್ರೇಣಿಬದ್ಧವಾದ ಪುಸ್ತಕಗಳಿವೆ. ಹೊರನಾಡಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಇರುವ ಸಂಸ್ಥೆ ಮುಖ್ಯವಾಗಿ ಒಂದೇ: ಊಟದ ಹೊತ್ತಿನ ನಮ್ಮ ಮನೆ. ಅದರ ಶಿಕ್ಷಕರು ನಾವೇ; ಆ ತರಗತಿಗೆ ನಾವು ರಜೆ ಹಾಕಿದರೆ ಬದಲಿಗೆ ಬರುವವರು ಯಾರೂ ಇಲ್ಲ.

ಪಾಮರ್, ಹಾರ್ನ್‌ಬಿಯವರು ಪರದೇಶದವರಿಗೆ ತಮ್ಮ ಭಾಷೆಯ ಬಾಗಿಲನ್ನು ತೆರೆಯಲು ಅಷ್ಟು ಶ್ರಮಿಸಿದರು. ನಮ್ಮ ಮಕ್ಕಳಿಗೆ ನಮ್ಮ ಬಾಗಿಲು ತೆರೆದೇ ಇದೆ. ಅದು ಮುಚ್ಚದಂತೆ ನೋಡಿಕೊಂಡರೆ ಸಾಕು. ಈ ರಾಜ್ಯೋತ್ಸವದ ದಿನ ಬಾವುಟವನ್ನು ಏರಿಸಿ ಮನೆಗೆ ಮರಳಿದ ಮೇಲೆ, ಮಗುವಿನ ಇಂಗ್ಲಿಷ್ ಪಾಠವನ್ನು ಸಂತೋಷದಿಂದ ಕೇಳೋಣ. ಬಳಿಕ ಅದೇ ಪಾಠದ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳೆಂದು ಮಗುವನ್ನು ಕೇಳೋಣ. ಎರಡು ಭಾಷೆಗಳೂ ಒಂದೇ ಸಂಜೆಯಲ್ಲಿ ಬೆಳೆಯುತ್ತವೆ.