49ನೇ ಮಹಡಿಯ ಗಾಜಿನ ಲಿಫ್ಟು

ನಮ್ಮ ಆಫೀಸು ಇರುವುದು ಹನ್ನೊಂದನೇ ಮಹಡಿಯಲ್ಲಿ. ಲಿಫ್ಟಿನ ಒಂದು ಗೋಡೆ ಪೂರ್ತಿ ಗಾಜು. ನಾಲ್ಕು ವರ್ಷದಿಂದ ನಾನು ಬಾಗಿಲಿಗೆ ಮುಖ ಮಾಡಿ, ಮೊಬೈಲ್ ನೋಡುತ್ತಾ ಮೇಲೆ ಹೋಗುತ್ತೇನೆ. ಮೊಬೈಲಿನಲ್ಲಿ ಏನೂ ಇರಲ್ಲ. ಮೂರನೇ ಮಹಡಿ ದಾಟುವಷ್ಟರಲ್ಲಿ ಅಂಗೈ ಬೆವರಿರುತ್ತೆ. ಯಾರಿಗೂ ಹೇಳಿಲ್ಲ, ನಗುತ್ತಾರೆ ಅಂತ. ಹೀಗೇ ಒಂದು ರಾತ್ರಿ, ಈ ಭಯಕ್ಕೆ ಮದ್ದು ಹುಡುಕಿದವರ ಚರಿತ್ರೆ ಓದಲು ಕೂತೆ.

ಮೊದಲು ಸಿಕ್ಕವನು ಜರ್ಮನ್ ಕವಿ ಗಯಟೆ. 1770ರಲ್ಲಿ ಕಾನೂನು ಓದಲು ಸ್ಟ್ರಾಸ್‌ಬರ್ಗಿಗೆ ಹೋದವನಿಗೆ ಎತ್ತರ ಕಂಡರೆ ತಲೆಸುತ್ತು. ಅಲ್ಲಿನ ಕೆಥೆಡ್ರಲ್ಲಿನ ಗೋಪುರವನ್ನು ಒಬ್ಬನೇ ಹತ್ತಿ, ತುದಿಯಲ್ಲಿ ನಿಲ್ಲುವುದು, ಇಳಿಯುವುದು, ಮತ್ತೆ ಹತ್ತುವುದು. ಭಯಕ್ಕೇ ಬೇಜಾರಾಗಿ ಬಿಟ್ಟುಹೋಗುವವರೆಗೆ. ಆತ್ಮಕತೆಯಲ್ಲಿ ತಾನೇ ಬರೆದುಕೊಂಡಿದ್ದಾನೆ. ಸರಿ, ಅಷ್ಟು ಗುಂಡಿಗೆ ಇದ್ದಿದ್ದರೆ ನಾನು ಲಿಫ್ಟಲ್ಲಿ ಮೊಬೈಲ್ ಯಾಕೆ ನೋಡ್ತಿದ್ದೆ?

ನನ್ನಂಥವರ ಕತೆ ಶುರುವಾಗುವುದು ಪೀಟರ್ ಎಂಬ ಪುಟ್ಟ ಹುಡುಗನಿಂದ. ಅವನಿಗೆ ಮೊಲ ಕಂಡರೆ ಭಯ. ಅಮೆರಿಕದ ಮೇರಿ ಕವರ್ ಜೋನ್ಸ್ ಅವನಿಗೆ ಇಷ್ಟದ ತಿಂಡಿ ಕೊಟ್ಟು, ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಮೊಲ ಬೆರಳು ಕಚ್ಚಿ ಆಡಿದರೂ ಹುಡುಗ ಸುಮ್ಮನಿದ್ದ. 1924ರಲ್ಲಿ ಇದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1950ರ ದಶಕದಲ್ಲಿ ಇದನ್ನೇ ದೊಡ್ಡವರಿಗೆ ಒಂದು ಪದ್ಧತಿಯಾಗಿ ಕಟ್ಟಿದರು: ಮೈ ಸಡಿಲ ಬಿಟ್ಟು, ಹೆದರಿಸುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲ್ಪಿಸಿಕೊಳ್ಳಿ ಅಂತ. ತೊಡಕು ಇದ್ದದ್ದು ಅಲ್ಲೇ. ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳೋದು ಎಲ್ಲರಿಗೂ ಆಗಲ್ಲ. ನನಗಂತೂ ಕಣ್ಣು ಮುಚ್ಚಿದರೆ ನಾಳೆಯ ಮೀಟಿಂಗೇ ಕಾಣುತ್ತೆ.

ಆ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದವರು ಅಟ್ಲಾಂಟಾದ ಇಬ್ಬರು: ಎಮರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾತ್‌ಬಾಮ್ ಮತ್ತು ಜಾರ್ಜಿಯಾ ಟೆಕ್‌ನ ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಹಾಡ್ಜಸ್. 1995ರಲ್ಲಿ ತಮ್ಮ ತಂಡದ ಜೊತೆ ಅವರು ಪ್ರಕಟಿಸಿದ ಅಧ್ಯಯನದಲ್ಲಿದ್ದವರು ಎತ್ತರಕ್ಕೆ ಹೆದರುವ ಕಾಲೇಜು ವಿದ್ಯಾರ್ಥಿಗಳು. ತಲೆಗೆ ಹೆಡ್‌ಸೆಟ್, ಕಣ್ಣೆದುರು ಕಾಲುಸೇತುವೆಗಳು, ಬಾಲ್ಕನಿಗಳು, ಮತ್ತೆ 49 ಮಹಡಿ ಏರುವ ಒಂದು ಗಾಜಿನ ಲಿಫ್ಟು! (ಇದನ್ನು ಓದಿದಾಗ ನನಗೆ ಕುರ್ಚಿಯಲ್ಲೇ ಒಂಥರಾ ಆಯಿತು.)

ಆ ಕಾಲದ ಗ್ರಾಫಿಕ್ಸ್ ಎಂದರೆ ಬಣ್ಣ ಬಳಿದ ರಟ್ಟಿನ ಪೆಟ್ಟಿಗೆಗಳ ಹಾಗೆ. ಇವತ್ತಿನ ಮಕ್ಕಳು ಆ ಗೇಮನ್ನು ಐದು ನಿಮಿಷ ಆಡಲಾರರು. ನಿಂತಿರುವುದು ಲ್ಯಾಬಿನ ನೆಲದ ಮೇಲೆ ಅಂತ ಅವರೆಲ್ಲರಿಗೂ ಗೊತ್ತಿತ್ತು. ಆದರೂ ಬೆವರಿದರು, ಎದೆ ಹೊಡೆದುಕೊಂಡಿತು, ಹೊಟ್ಟೆಯೊಳಗೆ ಕಲಕಿದಂತಾಯಿತು. ಗೊತ್ತಿರುವುದು ತಲೆಗೆ, ಮೈ ಅದನ್ನು ಕೇಳಲ್ಲ. ಈ ಭಯದ ತೊಂದರೆಯೂ ಅದೇ, ಚಿಕಿತ್ಸೆ ಹಿಡಿದುಕೊಂಡ ಎಳೆಯೂ ಅದೇ. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕು ಅನ್ನುವುದು ಅವರವರ ಕೈಯಲ್ಲೇ ಇತ್ತು, ಪಕ್ಕದಲ್ಲಿ ಚಿಕಿತ್ಸಕಿ ಇದ್ದರು. ವಾರಗಳು ಕಳೆದಂತೆ ಭಯ ಇಳಿಯಿತು. ಚಿಕಿತ್ಸೆ ಸಿಗದೆ ಕಾಯುತ್ತಿದ್ದ ಗುಂಪಿನಲ್ಲಿ ಇಳಿಯಲಿಲ್ಲ. ಚಿಕಿತ್ಸೆ ಮುಗಿಸಿದ 10 ಜನರಲ್ಲಿ 7 ಮಂದಿ, ಯಾರೂ ಹೇಳದಿದ್ದರೂ, ತಾವಾಗಿಯೇ ಹೋಗಿ ನಿಜವಾದ ಎತ್ತರದಲ್ಲಿ ನಿಂತು ಬಂದಿದ್ದರು.

ಆಮೇಲೆ ಇದೇ ಉಪಾಯ ವಿಮಾನದ ಭಯಕ್ಕೂ, ಜೇಡದ ಭಯಕ್ಕೂ, ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರ ದುಃಸ್ವಪ್ನಕ್ಕೂ ಹೋಯಿತು. ನಾನು ಮಾತ್ರ ಆ ಏಳು ಜನರ ಹತ್ತಿರವೇ ನಿಂತುಬಿಟ್ಟೆ.

ಈ ವಾರ ಎರಡನೇ ಮಹಡಿವರೆಗೆ ಗಾಜಿನ ಕಡೆ ತಿರುಗಿ ನಿಂತಿದ್ದೆ. ಕೆಳಗೆ ಸೆಕ್ಯುರಿಟಿಯವರ ಟೋಪಿ, ಎಳನೀರಿನ ಗಾಡಿ ಕಂಡವು. ಆಮೇಲೆ ಮತ್ತೆ ಮೊಬೈಲು.