ಹಲ್ಲಿಗೆ ತಕ್ಕ ಎಣ್ಣೆ: ಗೇರ್ ಆಯಿಲ್ ಬೆಳೆದು ಬಂದ ದಾರಿ

ಗೇರ್ ಆಯಿಲ್ ಡಬ್ಬಿಯ ಮೇಲೆ ಜಿಎಲ್-4 ಎಂದೋ ಜಿಎಲ್-5 ಎಂದೋ ಅಚ್ಚಾಗಿರುತ್ತದೆ. ನಾಲ್ಕಕ್ಕಿಂತ ಐದು ದೊಡ್ಡದು, ಆದ್ದರಿಂದ ಐದೇ ಮೇಲು ಎಂದುಕೊಂಡು ಗೇರ್‌ಬಾಕ್ಸಿಗೂ ಅದನ್ನೇ ಸುರಿಸಿಕೊಳ್ಳುವವರು ಬಹಳ. ಎಂಜಿನ್ ಆಯಿಲ್‌ನಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಅಲ್ಲಿ ಹೊಸ ದರ್ಜೆ ಬಂದಂತೆ ಹಳೆಯದು ಹಿಂದೆ ಸರಿಯುತ್ತದೆ. ಗೇರ್ ಆಯಿಲ್‌ನಲ್ಲಿ ಹಾಗಲ್ಲ. ನಾಲ್ಕು, ಐದು ಎರಡೂ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು. ಹೇಗೆ ಹುಟ್ಟಿದವು ಎಂದು ತಿಳಿದರೆ ಯಾವುದನ್ನು ಎಲ್ಲಿ ಹಾಕಬೇಕೆಂಬುದೂ ತಿಳಿಯುತ್ತದೆ.

ಮೊದಲ ಕಾರುಗಳ ಕಾಲದಲ್ಲಿ ಗೇರಿಗೆಂದೇ ತಯಾರಾದ ಎಣ್ಣೆ ಇರಲಿಲ್ಲ. ಪ್ರಾಣಿಗಳ ಕೊಬ್ಬು, ಗ್ರೀಸು, ಉಗಿ ಎಂಜಿನ್ನಿನ ಸಿಲಿಂಡರಿಗೆ ಬಳಸುವ ಮಂದ ಎಣ್ಣೆ ಇವುಗಳಲ್ಲೇ ಕೆಲಸ ಸಾಗುತ್ತಿತ್ತು. ಫೋರ್ಡ್ ಮಾಡೆಲ್ ಎ ಗೇರ್‌ಬಾಕ್ಸಿಗೆ ಹಾಕುತ್ತಿದ್ದ 600ಡಬ್ಲ್ಯು ಎಣ್ಣೆಯೂ ಇದೇ ಜಾತಿಯದು. ಅಂದಿನ ಗೇರಿನ ಹಲ್ಲುಗಳು ಬಹುಮಟ್ಟಿಗೆ ಒಂದರ ಮೇಲೊಂದು ಉರುಳಿ ಸಾಗುತ್ತಿದ್ದುದರಿಂದ ಮಂದವಾದ ಪದರವೊಂದು ನಡುವೆ ನಿಂತರೆ ಸಾಕಾಗುತ್ತಿತ್ತು.

ಈ ನೆಮ್ಮದಿ ಕೆಡಿಸಿದ್ದು ಹೈಪಾಯ್ಡ್ ಗೇರ್. ಅಮೆರಿಕದ ರೋಚೆಸ್ಟರ್ ನಗರದ ಗ್ಲೀಸನ್ ವರ್ಕ್ಸ್ ಇದನ್ನು ರೂಪಿಸಿತು. 1926ರಲ್ಲಿ ಪ್ಯಾಕಾರ್ಡ್ ಕಂಪನಿ ತನ್ನ ಕಾರುಗಳ ಹಿಂದಿನ ಆಕ್ಸಲ್‌ಗೆ ಅಳವಡಿಸಿತು. ಇದರಲ್ಲಿ ಪಿನಿಯನ್ ಎಂಬ ಸಣ್ಣ ಗೇರಿನ ಅಕ್ಷ ಕ್ರೌನ್ ಎಂಬ ದೊಡ್ಡ ಚಕ್ರದ ನಡುಮಧ್ಯಕ್ಕೆ ಸೇರದೆ ಅದಕ್ಕಿಂತ ಕೆಳಗೆ ಹಾದುಹೋಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳಿಯಿತು, ಕಾರಿನ ನೆಲ ತಗ್ಗಿತು, ಪಿನಿಯನ್ ದಪ್ಪವಾಗಿ ಗಟ್ಟಿಯಾಯಿತು, ಸದ್ದೂ ಕಡಿಮೆಯಾಯಿತು. ಆದರೆ ಹಲ್ಲುಗಳು ಈಗ ಭಾರಿ ಒತ್ತಡದಲ್ಲಿ ಉದ್ದಕ್ಕೂ ಒಂದರ ಮೇಲೊಂದು ಜಾರತೊಡಗಿದವು. ಆ ಒತ್ತಡಕ್ಕೆ ಎಣ್ಣೆಯ ಪದರ ಹಿಂಡಿಹೋಗುತ್ತದೆ; ಉಕ್ಕಿಗೆ ಉಕ್ಕು ತಾಗಿ ಕ್ಷಣಮಾತ್ರ ಬೆಸೆದುಕೊಂಡು ಮರುಕ್ಷಣ ಕಿತ್ತುಬರುತ್ತದೆ. ಎಣ್ಣೆ ಎಷ್ಟೇ ಮಂದವಾಗಿದ್ದರೂ ಇದು ನಿಲ್ಲುವುದಿಲ್ಲ.

ಪರಿಹಾರ ಸಿಕ್ಕಿದ್ದು ರಸಾಯನಶಾಸ್ತ್ರದಲ್ಲಿ. ಎಣ್ಣೆಗೆ ಬೆರೆಸಿದ ಗಂಧಕದ ಸಂಯುಕ್ತಗಳು ಹಲ್ಲು ಬಿಸಿಯಾದ ಜಾಗದಲ್ಲೇ ಕಬ್ಬಿಣದೊಡನೆ ಕೂಡಿ ತೆಳುವಾದ ಸಲ್ಫೈಡ್ ಪದರ ಕಟ್ಟುತ್ತವೆ. ಉಕ್ಕಿಗಿಂತ ಮೆದುವಾದ ಆ ಪದರ ತಾನು ಸವೆದು ಹಲ್ಲನ್ನು ಉಳಿಸುತ್ತದೆ. ಗೇರ್ ಆಯಿಲಿನ ಮೂಗಿಗೆ ಹೊಡೆಯುವ ವಾಸನೆ ಈ ಗಂಧಕದ್ದೇ. ಮೊದಮೊದಲು ಗಂಧಕದ ಜೊತೆ ಸೀಸದ ಸೋಪು, ಕ್ಲೋರಿನ್ ಸಂಯುಕ್ತಗಳು ಸೇರುತ್ತಿದ್ದವು. ಗಂಧಕ ಸೇರಿಸಿದ ಸ್ಪರ್ಮ್ ತಿಮಿಂಗಿಲದ ಎಣ್ಣೆಯಂತೂ ಬಹುಕಾಲ ಬೇಡಿಕೆಯಲ್ಲಿತ್ತು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ ಮೇಲೆ ಮರುಭೂಮಿಯ ಹೊಹೋಬಾ ಗಿಡದ ಬೀಜದ ಎಣ್ಣೆಯತ್ತ ಕಣ್ಣು ಹೊರಳಿತು. ಕಾರಿನ ಹಲ್ಲು ನುಣುಪಾಗಿ ತಿರುಗಲೆಂದು ಸಮುದ್ರದ ಅಷ್ಟು ದೊಡ್ಡ ಜೀವವನ್ನು ಬೇಟೆಯಾಡಿದ್ದು ಈ ಚರಿತ್ರೆಯ ನೋವಿನ ಪುಟ. ಇಂದಿನ ಎಣ್ಣೆಗಳ ಬೆನ್ನೆಲುಬು ಗಂಧಕ ಮತ್ತು ರಂಜಕದ ಜೋಡಿ.

ಇತ್ತ ಗೇರ್‌ಬಾಕ್ಸ್ ಬೇರೆಯೇ ದಾರಿ ಹಿಡಿದಿತ್ತು. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೊಮೆಶ್ ತಂದಾಗ ಡಬಲ್ ಕ್ಲಚ್ ತುಳಿಯುವ ಕಷ್ಟ ತಪ್ಪತೊಡಗಿತು. ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹದಿಂದ ಮಾಡಿದ ಸಿಂಕ್ರೊ ರಿಂಗ್ ಗೇರಿನ ಶಂಕುವನ್ನು ಕ್ಷಣಕಾಲ ಹಿಡಿದು ಎರಡರ ವೇಗವನ್ನೂ ಸರಿಗಟ್ಟಿಸುತ್ತದೆ. ಹಾಗೆ ಹಿಡಿಯಲು ಘರ್ಷಣೆ ಬೇಕು. ಹಿಂದಿನ ಆಕ್ಸಲ್‌ನಲ್ಲಿ ಹೈಪಾಯ್ಡ್ ಹಲ್ಲುಗಳಿರುವ ಡಿಫರೆನ್ಷಿಯಲ್ ಎಷ್ಟು ಜಾರಿದರೂ ಸಾಲದು ಎನ್ನುವಾಗ ಗೇರ್‌ಬಾಕ್ಸಿಗೆ ಜಾರುವುದೂ ಬೇಕು, ಹಿಡಿಯುವುದೂ ಬೇಕು. ಜಿಎಲ್ ದರ್ಜೆಗಳ ಗೊಂದಲದ ಬೇರು ಇರುವುದು ಇಲ್ಲೇ.

ದರ್ಜೆಗಳ ಹಿಂದೆ ಅಮೆರಿಕದ ಸೇನೆಯ ಮಾನದಂಡಗಳಿವೆ. 1950ರ ಮಿಲ್-ಎಲ್-2105 ಇಂದಿನ ಜಿಎಲ್-4ಕ್ಕೆ ಹತ್ತಿರದ್ದು. 1962ರ ಮಿಲ್-ಎಲ್-2105ಬಿ ಜಿಎಲ್-5ಕ್ಕೆ ದಾರಿಯಾಯಿತು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಇವನ್ನು ಒಂದೇ ಸಾಲಿನಲ್ಲಿಟ್ಟು ಸಂಖ್ಯೆ ಕೊಟ್ಟಿತು. ಜಿಎಲ್-5ರಲ್ಲಿ ಒತ್ತಡ ತಡೆಯುವ ಸಂಯುಕ್ತಗಳು ಜಿಎಲ್-4ರ ಸುಮಾರು ಎರಡರಷ್ಟಿರುತ್ತವೆ. ಜಿಎಲ್-5 ಎಣ್ಣೆಯನ್ನು ನಿಜವಾದ ಹೈಪಾಯ್ಡ್ ಆಕ್ಸಲ್‌ಗಳಲ್ಲಿಟ್ಟು ಪರೀಕ್ಷಿಸುತ್ತಾರೆ: ಎಲ್-37ರಲ್ಲಿ ಕಡಿಮೆ ವೇಗದ ಭಾರಿ ಎಳೆತ, ಎಲ್-42ರಲ್ಲಿ ಹಠಾತ್ ಹೊಡೆತ. ಜಿಎಲ್-4ರ ಮೂಲ ಪರೀಕ್ಷೆಗೆ ಬೇಕಾದ ಉಪಕರಣಗಳು ಮಾತ್ರ ಈಗ ಲಭ್ಯವಿಲ್ಲ. ಹೀಗಾಗಿ ಆ ಡಬ್ಬಿಯಲ್ಲಿ ನಾವು ನಂಬಬೇಕಾದದ್ದು ತಯಾರಕರ ಮಾತನ್ನೇ; ಕಾರು ಕಂಪನಿಯ ಒಪ್ಪಿಗೆ ಪಡೆದ ಎಣ್ಣೆಗೆ ಬೆಲೆ ಬರುವುದು ಇದರಿಂದಲೇ.

ಜಿಎಲ್-5 ಹಾಕಿದರೆ ಸಿಂಕ್ರೊ ರಿಂಗಿನ ಹಿತ್ತಾಳೆ ತಿಂದುಹೋಗುತ್ತದೆ ಎಂಬ ಮಾತು ಹಳೆಯ, ಉಗ್ರ ಗಂಧಕದ ಎಣ್ಣೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಈಗಿನವುಗಳಲ್ಲಿ ಬಹುಪಾಲು ತಾಮ್ರದ ಪಟ್ಟಿಯ ಪರೀಕ್ಷೆಯನ್ನು ದಾಟುತ್ತವೆ. ಆದರೆ ಘರ್ಷಣೆಯ ತೊಂದರೆ ಉಳಿದೇ ಇದೆ: ರಿಂಗ್ ಸರಿಯಾಗಿ ಹಿಡಿಯದೆ ಗೇರ್ ಬೀಳುವಾಗ ಕರಕರ ಎನ್ನುತ್ತದೆ, ದಿನಗಳೆದಂತೆ ರಿಂಗ್ ಸವೆಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ತಿರುಗುಮುರುಗಾದಾಗಿನದು. ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಜಿಎಲ್-4 ಹಾಕಿ ಭಾರ ಹೊರಿಸಿದರೆ ಕ್ರೌನ್-ಪಿನಿಯನ್ನಿನ ಹಲ್ಲು ಬೇಗ ಕಿತ್ತುಬರುತ್ತದೆ.

ಮುಂಚಕ್ರ ಚಾಲನೆ ಲೆಕ್ಕವನ್ನು ಸುಲಭಗೊಳಿಸಿತು. 1959ರ ಮಿನಿಯಲ್ಲಿ ಗೇರ್‌ಬಾಕ್ಸೂ ಎಂಜಿನ್ ಆಯಿಲಿನಲ್ಲೇ ತಿರುಗುತ್ತಿತ್ತು. 1983ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800ರಂಥ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿದ್ದರಿಂದ ಶಕ್ತಿಯನ್ನು ಅಡ್ಡಕ್ಕೆ ತಿರುಗಿಸುವ ಹೈಪಾಯ್ಡ್ ಜೋಡಿಯೇ ಬೇಕಾಗಲಿಲ್ಲ. ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಪೆಟ್ಟಿಗೆಯೊಳಗೇ ಸೇರಿತು. ಎರಡಕ್ಕೂ ಒಂದೇ ಎಣ್ಣೆ. ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ ಮತ್ತು 2005ರಲ್ಲಿ ಬಂದ ಇನ್ನೋವಾದ ಕಥೆ ಬೇರೆ. ಅವುಗಳಲ್ಲಿ ಎಂಜಿನ್ ಉದ್ದಕ್ಕಿದೆ, ಎಳೆಯುವುದು ಹಿಂದಿನ ಚಕ್ರ, ಡಿಫರೆನ್ಷಿಯಲ್ ಹಿಂದಿನ ಆಕ್ಸಲ್‌ನಲ್ಲಿ ಪ್ರತ್ಯೇಕವಾಗಿದೆ. ಇಂಥ ಗಾಡಿಯ ಸರ್ವೀಸಿನಲ್ಲಿ ಎರಡು ಎಣ್ಣೆಗಳ ಲೆಕ್ಕವನ್ನೂ ಬೇರೆಬೇರೆಯಾಗಿ ಕೇಳಬೇಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದರ ಕ್ಲಚ್ ತಟ್ಟೆಗಳು ತಡವರಿಸದಂತೆ ಘರ್ಷಣೆ ಹದಗೊಳಿಸುವ ಸಂಯುಕ್ತವೂ ಬೇಕಾಗಬಹುದು.

ಮಂದತೆಯ ಅಂಕಿಯೂ ದಾರಿ ತಪ್ಪಿಸುತ್ತದೆ. ಗೇರ್ ಆಯಿಲ್ ಮತ್ತು ಎಂಜಿನ್ ಆಯಿಲ್‌ಗೆ ಅಳತೆಯ ಕೋಷ್ಟಕಗಳು ಬೇರೆ. ಮೆಕ್ಯಾನಿಕ್‌ಗಳು ‘ನೈಂಟಿ ಆಯಿಲ್’ ಎನ್ನುವ 90ರ ಎಣ್ಣೆಯ ಮಂದತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ಸ್ ಇರುತ್ತದೆ. ಎಂಜಿನ್ ಆಯಿಲಿನ 40 ಮತ್ತು 50ರ ಮಧ್ಯದ ಮಂದತೆ ಅಷ್ಟೇ. ಇಂಧನ ಉಳಿಸಲೆಂದು ಕಂಪನಿಗಳು ಇತ್ತೀಚೆಗೆ 75ಡಬ್ಲ್ಯು-80ರಂಥ ತೆಳು ಎಣ್ಣೆಗಳತ್ತ ಸರಿದಿವೆ. ಕೆಲವು ಮ್ಯಾನುಯಲ್ ಗೇರ್‌ಬಾಕ್ಸುಗಳಿಗೆ ಆಟೊಮ್ಯಾಟಿಕ್ ಗಾಡಿಯ ಎಣ್ಣೆಯನ್ನೇ ಹೇಳಿರುತ್ತಾರೆ. ಅಂಥದರಲ್ಲಿ ಹಳೆಯ ರೂಢಿಯಂತೆ ನೈಂಟಿ ತುಂಬಿದರೆ ಚಳಿಯ ಬೆಳಗಿನಲ್ಲಿ ಗೇರ್ ಬಿಗಿಯಾಗುತ್ತದೆ.

ಗಂಧಕ-ತಾಮ್ರಗಳ ಹಳೆಯ ವೈರ ಈಗ ವಿದ್ಯುತ್ ಕಾರಿನಲ್ಲಿ ಮತ್ತೆ ಎದುರಾಗಿದೆ. ಮೋಟರ್, ಗೇರ್, ಡಿಫರೆನ್ಷಿಯಲ್ ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದು ಎಣ್ಣೆಯೇ ಮೋಟರಿನ ತಾಮ್ರದ ಸುರುಳಿಗಳನ್ನು ತಣಿಸುವ ವಿನ್ಯಾಸಗಳಲ್ಲಿ, ಆ ಎಣ್ಣೆ ಗೇರಿನ ಹಲ್ಲನ್ನೂ ಕಾಯಬೇಕು, ತಾಮ್ರವನ್ನೂ ತಿನ್ನಬಾರದು, ವಿದ್ಯುತ್ತನ್ನೂ ಹರಿಯಗೊಡಬಾರದು. ಜಿಎಲ್ ಸಾಲಿನ ಯಾವ ದರ್ಜೆಯನ್ನೂ ಈ ಕೆಲಸಕ್ಕೆಂದು ಬರೆದದ್ದಲ್ಲ.