ಯಾವ ಹೆಣ್ಣು? ಗೋವಾದಲ್ಲಿ ಮಹಿಳಾ ಅಧ್ಯಯನ ನಡೆದ ದಾರಿ

2019ರ ಸೆಪ್ಟೆಂಬರಿನಲ್ಲಿ ಆಸ್ತಿ ವ್ಯಾಜ್ಯವೊಂದರ ತೀರ್ಪು ಕೊಡುತ್ತ ಸುಪ್ರೀಂ ಕೋರ್ಟು ಗೋವಾವನ್ನು ಮನಸಾರೆ ಹೊಗಳಿತು. ಎಲ್ಲ ಧರ್ಮದವರಿಗೂ ಬಹುಮಟ್ಟಿಗೆ ಒಂದೇ ಕೌಟುಂಬಿಕ ಕಾನೂನು ಇರುವ ರಾಜ್ಯ ಎಂಬುದು ಆ ಹೊಗಳಿಕೆಗೆ ಕಾರಣ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ 1870ರಲ್ಲಿ ಅಲ್ಲಿಗೆ ಬಂತು. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಮದುವೆಯೊಡನೆ ಗಂಡ ಹೆಂಡಿರ ಆಸ್ತಿ ಇಬ್ಬರದೂ ಆಗುತ್ತದೆ, ಮಗಳಿಗೂ ಮಗನಷ್ಟೇ ಪಾಲು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಇದರ ಮಗ್ಗುಲಲ್ಲೇ 1880ರ ಡಿಕ್ರಿಯೊಂದಿದೆ: ಹೆಂಡತಿಗೆ 25 ತುಂಬಿದರೂ ಮಕ್ಕಳಾಗದಿದ್ದರೆ, ಅಥವಾ 30 ಆದರೂ ಗಂಡುಮಗು ಹುಟ್ಟದಿದ್ದರೆ, ಕೆಲವು ಷರತ್ತುಗಳ ಮೇಲೆ ಹಿಂದೂ ಗಂಡಸು ಇನ್ನೊಂದು ಮದುವೆಯಾಗಬಹುದು. ಬಳಕೆಯಲ್ಲಿ ಅದು ಸತ್ತ ನಿಯಮ, ನಿಜ. ಆದರೂ ಕಾನೂನು ಹೆಣ್ಣಿನ ಧರ್ಮ, ವಯಸ್ಸು, ಗರ್ಭ ಮೂರನ್ನೂ ಒಂದೇ ಸಾಲಿನಲ್ಲಿ ಲೆಕ್ಕ ಹಾಕಿದ್ದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗದು.

ಇಂಥ ಪುರಾವೆಗಳನ್ನು ಓದುವುದು ಹೇಗೆಂದು ಕಲಿಸುವ ಎಂ.ಎ. ಇಂದು ಗೋವಾ ವಿಶ್ವವಿದ್ಯಾಲಯದಲ್ಲಿದೆ. ತಾಳೆಗಾಂವ್ ಪ್ರಸ್ಥಭೂಮಿಯ ಆ ವಿಶ್ವವಿದ್ಯಾಲಯ ಕೆಲಸ ಶುರುಮಾಡಿದ್ದು 1985ರಲ್ಲಿ. ಅಲ್ಲಿನ ಮಹಿಳಾ ಅಧ್ಯಯನ ಈಗ ಗೋವಾದಲ್ಲೇ ಹುಟ್ಟಿದ ಇತಿಹಾಸಕಾರ ಡಿ.ಡಿ. ಕೊಸಾಂಬಿಯವರ ಹೆಸರಿನ ಸಮಾಜವಿಜ್ಞಾನ ಶಾಲೆಯ ಭಾಗ.

ದೇಶದ ಮಟ್ಟದಲ್ಲಿ ಈ ಶಿಸ್ತಿಗೆ ಅಡಿಪಾಯ ಹಾಕಿದ್ದು ಒಂದು ಸರ್ಕಾರಿ ವರದಿ. ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ 1974ರಲ್ಲಿ ಮುಗಿಸಿದ ‘ಟುವರ್ಡ್ಸ್ ಈಕ್ವಾಲಿಟಿ’ಯನ್ನು ರೂಪಿಸಿದವರಲ್ಲಿ ವೀಣಾ ಮಜುಂದಾರ್ ಮುಖ್ಯರು. ಸ್ವಾತಂತ್ರ್ಯ ಬಂದಮೇಲೆ ಹೆಣ್ಣಿನ ಬದುಕು ಸುಧಾರಿಸುತ್ತಿದೆ ಎಂಬ ನಂಬಿಕೆಯನ್ನು ಅದರ ಅಂಕಿಅಂಶಗಳು ಮುರಿದವು. ಅದೇ ವರ್ಷ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಸಂಶೋಧನಾ ಘಟಕ ಕಟ್ಟಿದರು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನವೂ ನಡೆಯಿತು. 1986ರ ಶಿಕ್ಷಣ ನೀತಿಯ ಬಳಿಕ ಯುಜಿಸಿ ಹಣದಿಂದ ಊರೂರಿನ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳು ತೆರೆದವು.

ತೆರೆದ ಕೆಲವೇ ವರ್ಷಗಳಲ್ಲಿ ಕುಟುಕುವ ಪ್ರಶ್ನೆ ಎದುರಾಯಿತು: ಇಲ್ಲಿ ಓದುತ್ತಿರುವುದು ಯಾವ ಹೆಣ್ಣಿನ ಕತೆ? 1995ರಲ್ಲಿ ಬೆಂಗಳೂರಿನ ರೂತ್ ಮನೋರಮಾ ಮುಂತಾದವರು ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ದಲಿತ ಹೆಂಗಸರ ಮಾತೇ ಬೇರೆ ಎಂದು ಗೋಪಾಲ್ ಗುರು ಅದೇ ವರ್ಷ ಬರೆದರು. ಮೂರು ವರ್ಷಗಳ ಬಳಿಕ ಪುಣೆಯ ಶರ್ಮಿಳಾ ರೇಗೆ ಇದಕ್ಕೆ ಉತ್ತರ ಕೊಡುತ್ತ, ‘ಬೇರೆ’ ಎಂದು ಒಪ್ಪಿ ಬದಿಗಿಟ್ಟರೆ ಸಾಲದು, ದಲಿತ ಹೆಣ್ಣಿನ ನೆಲೆಯಿಂದಲೇ ಇಡೀ ಸ್ತ್ರೀವಾದವನ್ನು ಮರುಚಿಂತಿಸಬೇಕೆಂದು ವಾದಿಸಿದರು. ಹೀಗೆ ಹಲವು ತಾರತಮ್ಯಗಳು ಒಬ್ಬಳಲ್ಲೇ ಹೆಣೆದುಕೊಳ್ಳುವುದನ್ನು ನೋಡುವ ಬಗೆಗೆ ಇಂಟರ್‌ಸೆಕ್ಷನಾಲಿಟಿ ಎಂಬ ಹೆಸರು ಅಮೆರಿಕದ ಕಾನೂನು ಪಂಡಿತೆ ಕಿಂಬರ್ಲಿ ಕ್ರೆನ್ಷಾ 1989ರಲ್ಲಿ ಕೊಟ್ಟದ್ದು. ಜನರಲ್ ಮೋಟರ್ಸ್ ವಿರುದ್ಧ ಕಪ್ಪು ಹೆಂಗಸರು ಹೂಡಿದ್ದ ದಾವೆ ಅವರ ಉದಾಹರಣೆಗಳಲ್ಲೊಂದು. ಕಂಪನಿಯಲ್ಲಿ ಹೆಂಗಸರಿದ್ದರು, ಬಿಳಿಯರು. ಕಪ್ಪು ಜನರಿದ್ದರು, ಗಂಡಸರು. ಎರಡು ತಾರತಮ್ಯವನ್ನು ಕೂಡಿಸಿ ನೋಡಲು ಕೋರ್ಟು ಒಪ್ಪಲಿಲ್ಲ, ಕಪ್ಪು ಹೆಂಗಸು ಎರಡು ಪಟ್ಟಿಯಲ್ಲೂ ಕಾಣದೆ ಹೋದಳು. ಈ ಪದವನ್ನು ಭಾರತಕ್ಕೆ ಹಾಗೇ ತಂದುಕೊಳ್ಳುವ ಅಗತ್ಯವೇನು ಎಂದು ನಿವೇದಿತಾ ಮೆನನ್ 2015ರಲ್ಲಿ ಕೇಳಿದರು. ಆ ಜಗಳ ಇನ್ನೂ ಮುಗಿದಿಲ್ಲ. ಮುಗಿಯದಿರುವುದೇ ತರಗತಿಗೆ ಲಾಭ.

ಗೋವಾದ ವಿದ್ಯಾರ್ಥಿಗೆ ಉದಾಹರಣೆ ಹುಡುಕಿ ಅಮೆರಿಕಕ್ಕೆ ಹೋಗುವ ಕೆಲಸವಿಲ್ಲ. ಊರಿನ ಸಾಮೂಹಿಕ ಭೂಮಿಯನ್ನು ನೋಡಿಕೊಳ್ಳುವ ಕೊಮುನಿದಾದ್‌ಗಳಲ್ಲಿ ಹಕ್ಕು ಇಳಿಯುವುದು ಗಾಂವಕಾರರ, ಅಂದರೆ ಊರಿನ ಮೂಲ ಕುಟುಂಬಗಳ, ಗಂಡುಸಂತತಿಗೆ. ಮಗಳಿಗೆ ಸಮಪಾಲು ಕೊಡುವ ಸಿವಿಲ್ ಕೋಡು ಇಲ್ಲಿ ಕೈಕಟ್ಟಿ ನಿಲ್ಲುತ್ತದೆ. ಗಾವಡ, ಕುಣಬಿ, ವೇಳಿಪ ಸಮುದಾಯಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಷ್ಟೇ; ಅಲ್ಲಿನ ಹೆಣ್ಣಿನ ಕತೆಯಲ್ಲಿ ಬುಡಕಟ್ಟಿನ ಎಳೆಯೂ ಸೇರುತ್ತದೆ. ಇನ್ನು ದೇವಸ್ಥಾನದ ಹಾಡು, ನೃತ್ಯಸೇವೆಗೆ ಮುಡಿಪಾಗಿದ್ದ ಕಲಾವಂತರು: ಹೆಸರಾಂತ ಗಾಯಕಿಯರಾದ ಕೇಸರಬಾಯಿ ಕೇರಕರ್, ಮೋಗೂಬಾಯಿ ಕುರ್ಡೀಕರ್ ಈ ಹಿನ್ನೆಲೆಯವರು. ಕೇಸರಬಾಯಿಯವರ ದನಿ 1977ರಲ್ಲಿ ವಾಯೇಜರ್ ನೌಕೆ ಹತ್ತಿ ಬಾಹ್ಯಾಕಾಶಕ್ಕೇ ಹೋಯಿತು. ಈ ಸಮುದಾಯ ಗೋಮಂತಕ ಮರಾಠಾ ಸಮಾಜವಾಗಿ ಸಂಘಟಿತವಾಗಿ ತನ್ನ ದಾಖಲೆಗಳನ್ನು ತಾನೇ ಕೂಡಿಟ್ಟಿತು. ಅವನ್ನು ಆಧರಿಸಿ ಅಂಜಲಿ ಅರೋಂಡೇಕರ್ 2023ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ‘ಅಬಂಡನ್ಸ್’. ಕಳೆದುಕೊಂಡವರ ಗೋಳಿನ ಕತೆ ಬಿಟ್ಟು, ಸಮೃದ್ಧ ದಾಖಲೆ ಉಳ್ಳವರ ಚರಿತ್ರೆಯನ್ನು ಅದು ಹೇಳುತ್ತದೆ.

ಕನ್ನಡಿಗರು ತಪ್ಪಿಸಿಕೊಳ್ಳಲಾಗದ ಅಧ್ಯಾಯ ವಾಸ್ಕೋದ ಬೈನಾ ಕಡಲತೀರದ್ದು. ಕೆಂಪುದೀಪದ ಬಸ್ತಿಯೆಂದು ಹೆಸರಾಗಿದ್ದ ಆ ಜಾಗಕ್ಕೆ ಬಂದ ಹೆಂಗಸರಲ್ಲಿ ಅನೇಕರು ಕರ್ನಾಟಕ, ಆಂಧ್ರದವರು. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರೂ ಅವರಲ್ಲಿದ್ದರು. ಕರ್ನಾಟಕ 1982ರಲ್ಲೇ ದೇವದಾಸಿ ಪದ್ಧತಿ ನಿಷೇಧಿಸುವ ಕಾಯ್ದೆ ಮಾಡಿತ್ತು, ಆದರೆ ಕಾಯ್ದೆ ಗಡಿ ದಾಟಿ ಅವರ ಹಿಂದೆ ಬರಲಿಲ್ಲ. ಹೈಕೋರ್ಟಿನ ಗೋವಾ ಪೀಠ ದಂಧೆ ನಿಲ್ಲಿಸಿ ಹೆಂಗಸರಿಗೆ ಪುನರ್ವಸತಿ ಕೊಡಲು ಹೇಳಿತು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲಿ, ಬುಲ್ಡೋಜರ್ ಬಂತು. ದಂಧೆಗೆ ಸಂಬಂಧವಿಲ್ಲದ ವಲಸಿಗರ ಮನೆಗಳೂ ನೆಲಕಚ್ಚಿದವು. ಹೆಣ್ಣು, ದಲಿತೆ, ಪರರಾಜ್ಯದವಳು, ‘ಘಾಟಿ’ (ಘಟ್ಟದಾಚೆಯವಳು) ಎಂದು ಹೀಯಾಳಿಸಿಕೊಂಡವಳು: ಇವುಗಳಲ್ಲಿ ಯಾವುದಕ್ಕಾಗಿ ಅವಳ ಮನೆ ಬಿತ್ತೆಂದು ಬಿಡಿಸಿ ಹೇಳಲಾಗದು. ಸ್ನಾತಕೋತ್ತರ ತರಗತಿಯಲ್ಲಿ ಸಿದ್ಧಾಂತವಾಗಿ ಓದುವ ವಿಷಯ ಬೈನಾದಲ್ಲಿ ಬಾಳಾಗಿ ನಡೆದಿತ್ತು.

ಗೋವಾದ ಬೀದಿಯೂ ಈ ಶಿಸ್ತಿಗೆ ಪಾಠ ಕಲಿಸಿದೆ. 1980ರ ದಶಕದಿಂದ ‘ಬಾಯ್ಲಾಂಚೊ ಸಾದ್’ನಂಥ ಸಂಘಟನೆಗಳು ಎತ್ತಿದ ಹಿಂಸೆ, ಪ್ರವಾಸೋದ್ಯಮ, ಕಾನೂನಿನ ಪ್ರಶ್ನೆಗಳೇ ಮುಂದೆ ಸಂಶೋಧನೆಯ ವಸ್ತುಗಳಾದವು. ಕನ್ನಡದಲ್ಲಿಯೂ ಕೆಲಸ ಕಡಿಮೆಯೇನಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ, ಎಚ್.ಎಸ್. ಶ್ರೀಮತಿಯವರು ಸಿಮೋನ್ ದ ಬೊವಾರಂಥವರನ್ನು ಕನ್ನಡಕ್ಕೆ ತಂದಿದ್ದಾರೆ. 2003ರಲ್ಲಿ ಹುಟ್ಟಿದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಇಂದು ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಯುಜಿಸಿ ನೆರವು ನಿಲ್ಲಬಹುದೆಂಬ ಭಯ 2017ರಲ್ಲಿ ದೇಶದ ಎಲ್ಲ ಕೇಂದ್ರಗಳನ್ನೂ ಕಾಡಿತ್ತು, ಅದು ಪೂರ್ತಿ ಹೋಗಿಲ್ಲ. ಆದರೂ ಒಂದು ಕೆಲಸ ಹಣಕ್ಕಾಗಿ ಕಾಯಬಾರದು. ಬೈನಾದ ಹೆಂಗಸರಿಗೆ ವಯಸ್ಸಾಗುತ್ತಿದೆ. ವಿಜಯಪುರ, ತಾಳೆಗಾಂವ್ ಎರಡೂ ಕಡೆಯವರು ಕೂಡಿ, ಅವರ ಮಾತನ್ನು ಅವರದೇ ಕನ್ನಡದಲ್ಲಿ ಈಗಲೇ ದಾಖಲಿಸಬೇಕು.